ಸ್ವಾಮಿಗಳು ಅಳೆದ ರೆಕ್ಕೆ

ಸಿದ್ದಲಿಂಗಸ್ವಾಮಿಯವರು ಅಳೆದದ್ದನ್ನು ಇನ್ನೊಬ್ಬರು ಅಳೆಯುವಂತಿರಲಿಲ್ಲ. ಕಾಲೇಜಿನ ಯಾವ ನಿಯಮಾವಳಿಯಲ್ಲೂ ಇದನ್ನು ಬರೆದಿರಲಿಲ್ಲ, ಆದರೂ ವರ್ಕ್‌ಶಾಪಿಗೆ ಕಾಲಿಟ್ಟವರಿಗೆಲ್ಲ ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ಹಿಂದೊಮ್ಮೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು, ಪಾಪ, ತಿಳಿಯದೆ ಅವರು ಮಾಡಿಟ್ಟ ಮರದ ಅಚ್ಚಿನ ಮೇಲೆ ಟೇಪು ಹಿಡಿದರು. ಸ್ವಾಮಿಗಳು ತುಟಿ ಪಿಟಕ್ಕೆನ್ನದೆ ಉಳಿ, ಉಜ್ಜುಗೊರಡು, ಗರಗಸಗಳನ್ನು ಪೆಟ್ಟಿಗೆಗೆ ತುಂಬಿ, ಬೀಗ ಜಡಿದು, ಚಾಮರಾಜಪುರಂನ ಮನೆಗೆ ಬಂದು ಎಂಟು ದಿನ ಜಗಲಿಯ ಮೇಲೆ ಕೂತುಬಿಟ್ಟರು. ಕೊನೆಗೆ ವಿಭಾಗದ ಮುಖ್ಯಸ್ಥರಾದ ಕರಿಬಸವಯ್ಯನವರೇ ಸ್ಕೂಟರಿನಲ್ಲಿ ಬಂದು, ಸ್ವಾಮಿಗಳ ಹೆಂಡತಿ ಗಿರಿಜಾಂಬಾ ಕೊಟ್ಟ ಕಾಫಿ ಕುಡಿದು, "ಬನ್ನಿ ಸ್ವಾಮಿಗಳೇ, ಇನ್ಮೇಲೆ ನಿಮ್ಮ ಕೆಲಸಕ್ಕೆ ಯಾರೂ ಟೇಪು ಹಿಡಿಯಲ್ಲ" ಎಂದು ಮಾತು ಕೊಟ್ಟು ಕರೆದೊಯ್ದರು. ಅಂಥ ಮಾತನ್ನು ಕೇಳಲೂಬಾರದಿತ್ತು, ಕೊಡಲೂಬಾರದಿತ್ತು. ಸ್ವಾಮಿಗಳಿಗೆ ಮಾತ್ರ ಶಾಲು ಹೊದಿಸಿದಷ್ಟು ಖುಷಿಯಾಯಿತು.

ಜಂಬಕ್ಕೆ ಕಾರಣವೂ ಇತ್ತು ಅನ್ನಿ. ಮೇಟಗಳ್ಳಿ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮರದ ಅಚ್ಚು ಮಾಡಿದ ಕೈ ಅದು. ಕರಗಿದ ಲೋಹ ಸುರಿಯುವ ಮುಂಚೆ ಮಣ್ಣಿನಲ್ಲಿ ಒತ್ತುತ್ತಾರಲ್ಲ, ಆ ಅಚ್ಚು. ಅದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಎರಕ ಹೊಯ್ದ ಮಾಲೆಲ್ಲ ಗುಜರಿಗೆ. ಅಲ್ಲಿನ ಹಿರಿಯ ಕೆಲಸಗಾರ ಸಿದ್ದಮಲ್ಲಪ್ಪನವರ ಕೈಕೆಳಗೆ ಬೈಸಿಕೊಂಡು, ತಲೆಗೆ ಮೊಟಕಿಸಿಕೊಂಡು ಕಲಿತ ವಿದ್ಯೆ. ಕಾರ್ಖಾನೆ ಮುಚ್ಚಿದ ಮೇಲೆ ಈ ಎಂಜಿನಿಯರಿಂಗ್ ಕಾಲೇಜಿಗೆ ಬಂದರು. ಅಲ್ಲಿ ಹುಡುಗರಿಗೆ ಉಳಿ ಹಿಡಿಯುವುದು ಹೇಗೆಂದು ತೋರಿಸುತ್ತ, ಅವರು ಹಿಡಿಯುವ ರೀತಿಗೆ ಹಣೆ ಚಚ್ಚಿಕೊಳ್ಳುತ್ತ, ಐವತ್ತಾರನೆಯ ವಯಸ್ಸಿಗೆ ಬಂದು ನಿಂತಿದ್ದರು.

ಅವರ ಬಾಳಿನ ಕೊನೆಯ ದೊಡ್ಡ ಕೆಲಸ ರಕ್ಷಿತಾಳ ಜೊತೆ ಬಂತು. ದಟ್ಟಗಳ್ಳಿಯ ಹುಡುಗಿ, ಪಿಎಚ್‌ಡಿಗೆ ಸೇರಿದ್ದವಳು. ಎರಡು ಪುಟ್ಟ ವಿಮಾನಗಳು ಬೇರೆಬೇರೆಯಾಗಿ ಮೇಲೇರಿ, ಆಕಾಶದಲ್ಲಿ ರೆಕ್ಕೆಯ ತುದಿಗೆ ತುದಿ ಕೂಡಿಸಿಕೊಂಡು, ಒಂದೇ ವಿಮಾನದ ಹಾಗೆ ಹಾರಬೇಕು. ಇದು ಅವಳ ಸಂಶೋಧನೆ. ಮೊದಲ ದಿನ ಕೇಳಿದಾಗ ಸ್ವಾಮಿಗಳು ಕನ್ನಡಕ ಮೇಲೆತ್ತಿದರು.

"ಅಲ್ಲ ಕಣಮ್ಮ, ಸೇರಿಸಲೇಬೇಕು ಅಂದ್ರೆ ನೆಲದ ಮೇಲೇ ಸೇರಿಸಿ ಹಾರಿಸ್ಬುಡು. ಮೇಲಕ್ಕೆ ಹೋಗಿ ಯಾಕೆ ಒದ್ದಾಡ್ಬೇಕು?"

"ಉದ್ದ ರೆಕ್ಕೆ ಇದ್ರೆ ಕಮ್ಮಿ ಶಕ್ತೀಲಿ ತುಂಬಾ ದೂರ ಹೋಗ್ಬಹುದು ಸರ್. ಆದ್ರೆ ಅಷ್ಟುದ್ದದ್ದನ್ನ ಏರಿಸೋದು ಇಳಿಸೋದು ಕಷ್ಟ. ಅದಕ್ಕೇ ಸಣ್ಣಸಣ್ಣದಾಗಿ ಹೋಗಿ, ಮೇಲೆ ಕೈ ಹಿಡ್ಕೊಂಡು, ಇಳಿಯೋವಾಗ ಮತ್ತೆ ಬಿಡಬೇಕು."

"ಓಹೋ, ಮಕ್ಕಳು ರಸ್ತೆ ದಾಟ್ದಂಗೆ" ಎಂದರು ಸ್ವಾಮಿಗಳು. ಅವಳು ನಕ್ಕಳು. ಆ ಹೊತ್ತಿನಿಂದ ಅವರಿಗೆ ಅವಳನ್ನು ಕಂಡರೆ ಒಂಥರಾ ಮಮತೆ. ವಿಮಾನಗಳಿಗೆ ಅಕ್ಕ, ತಂಗಿ ಎಂದು ಹೆಸರಿಟ್ಟವರೂ ಅವರೇ.

ಕೈ ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ಹಾರುವ ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ತಂಗಿ ಹತ್ತಿರ ಬಂದಂತೆ ಆ ಸುಳಿ ಅವಳನ್ನು ಒಂದು ಪಕ್ಕಕ್ಕೆ ಎತ್ತಿಹಾಕುತ್ತದೆ. ಅದನ್ನು ತಡೆದುಕೊಂಡು ತುದಿ ತಾಕಿಸಿದರೆ ಅಷ್ಟಕ್ಕೇ ಮುಗಿಯಲಿಲ್ಲ. ನಡುವಿನ ಕೀಲಿನಲ್ಲಿ ಎರಡೂ ಬಾಗಿಲ ರೆಕ್ಕೆಗಳ ಹಾಗೆ ಮಡಚಿಕೊಳ್ಳಲು ನೋಡುತ್ತವೆ. ತಾಕುವ ತನಕ ಎರಡು ವಿಮಾನ, ತಾಕಿದ ಮರುಗಳಿಗೆ ಬೇರೆಯೇ ಬುದ್ಧಿಯ ಒಂದು ವಿಮಾನ. ಹಾಗಾಗಿ ತಾಕುವ ಕ್ಷಣ ಯಾವುದೆಂದು ಕಂಪ್ಯೂಟರು ರೆಕ್ಕೆಯ ಉದ್ದ ಹಿಡಿದು ಮೊದಲೇ ಲೆಕ್ಕ ಹಾಕಿ, ಆ ಕ್ಷಣಕ್ಕೆ ಸರಿಯಾಗಿ ತನ್ನ ಹಿಡಿತ ಬದಲಿಸಬೇಕು. ತಾಕಿದ ಮೇಲೆ ಬದಲಿಸೋಣ ಎಂದರೆ ಕೆಟ್ಟಿತು. ಇದನ್ನೆಲ್ಲ ಸಮೀಕರಣಗಳಲ್ಲಿ ಕಟ್ಟಲು ರಕ್ಷಿತಾಗೆ ಮೂರು ವರ್ಷ ಹಿಡಿಯಿತು. ಯೋಜನೆಗೆ ಉಳಿದಿದ್ದ ಅವಧಿ ಬಹಳ ಕಡಿಮೆ. ಬೇಸಿಗೆಗೆ ಮುಂಚೆ ಅಕ್ಕ-ತಂಗಿ ಒಂದು ಸಲವಾದರೂ ಕೂಡಿ ಹಾರಿದರೆ ಸರಿ, ಇಲ್ಲದಿದ್ದರೆ ಯೋಜನೆಯೂ ಇಲ್ಲ, ಅವಳ ಪಿಎಚ್‌ಡಿಯೂ ಇಲ್ಲ.

ಅಕ್ಕ ತಯಾರಾದದ್ದು ದಸರೆಗೆ ಮುಂಚೆ. ಆಮೇಲೆ ಆಯುಧಪೂಜೆ ಬಂತು. ಸ್ವಾಮಿಗಳ ಮನೆತನದಲ್ಲಿ ಆಯುಧಗಳಿಗೆ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಪಟ್ಟೆ ಬಲವಾಗಿ ಹಚ್ಚುವ ಪದ್ಧತಿ. ಹಚ್ಚಿದ್ದನ್ನು ಕೈಯಾರೆ ಒರೆಸಬಾರದು, ಕೆಲಸ ಮಾಡುತ್ತ ತಾನಾಗೇ ಅಳಿಸಿಹೋಗಬೇಕು. ಅವರಲ್ಲಿ ಆರು ನೂರು ಮಿಲಿಮೀಟರಿನ ಉಕ್ಕಿನ ಸ್ಕೇಲು ಎರಡಿದ್ದವು. ಒಂದು ದಿನನಿತ್ಯದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದು. ಇನ್ನೊಂದು ಸಿದ್ದಮಲ್ಲಪ್ಪನವರು ಕೊಟ್ಟ ಅಚ್ಚಿನ ಸ್ಕೇಲು. ಕರಗಿದ ಅಲ್ಯೂಮಿನಿಯಂ ಆರಿದಾಗ ಕುಗ್ಗುತ್ತದೆ. ಅದಕ್ಕೇ ಅಚ್ಚನ್ನು ಕೊಂಚ ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಗೋಜೇ ಬೇಡವೆಂದು ಆ ಸ್ಕೇಲಿನ ಗೆರೆಗಳನ್ನೇ ಹಿಗ್ಗಿಸಿ ಕೊರೆದಿರುತ್ತಾರೆ. ಅದರ ಆರು ನೂರು ಅಂದರೆ ನಿಜಕ್ಕೂ ಆರು ನೂರ ಎಂಟು. ತುದಿಯಲ್ಲಿ ಒಂದು ಮುದ್ರೆ ಬಿಟ್ಟರೆ ಕಣ್ಣಿಗೆ ಬೇರೆ ಗುರುತಿಲ್ಲ. ಕಾಲೇಜಿನಲ್ಲಿ ಎರಕದ ಕೆಲಸವೇ ಇಲ್ಲದ ಕಾರಣ ಅದು ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು, ವರ್ಷಕ್ಕೊಮ್ಮೆ ಗುರುವಿನ ನೆನಪಿಗೆಂದು ಪೂಜೆಗೆ ಎದ್ದು ಬರುತ್ತಿತ್ತು.

ಆ ವರ್ಷ ಎರಡೂ ಸ್ಕೇಲುಗಳ ತುದಿಗೆ ಬೆಳ್ಳಗೆ ವಿಭೂತಿ ಬಳಿದಿತ್ತು. ಪೂಜೆಯ ಮಾರನೆಯ ದಿನ ಹೂವು ತೆಗೆದು, ಹಲಗೆ ಒರೆಸಿ, ಒಂದು ಸ್ಕೇಲನ್ನು ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಟ್ಟರು, ಇನ್ನೊಂದನ್ನು ಮೊಳೆಗೆ ನೇತುಹಾಕಿದರು. ಅದೇ ವಾರ ತಂಗಿಯ ರೆಕ್ಕೆಗಳಿಗೆ ಗುರುತು ಹಾಕಿದರು.

ರೆಕ್ಕೆಗಳು ಸಿದ್ಧವಾದ ದಿನ ರಕ್ಷಿತಾ ಬಂದಳು. ತಂಗಿಯನ್ನು ತೂಕಕ್ಕೆ ಹಾಕಿದಳು, ದಾರದಲ್ಲಿ ತೂಗುಬಿಟ್ಟು ತೂಗಾಟದ ಲೆಕ್ಕ ಬರೆದುಕೊಂಡಳು. ಆಮೇಲೆ ಟೇಪು ಕೈಗೆತ್ತಿಕೊಂಡು, ಅಳುಕುತ್ತ, "ಸ್ವಾಮಿ ಸರ್, ಉದ್ದಾನೂ ಒಂದ್ಸಲ ನೋಡ್ಕೊಳ್ಳಲಾ?" ಎಂದಳು.

ಸ್ವಾಮಿಗಳ ಮೂಗಿನ ಮೇಲೇ ಇದ್ದ ಕೋಪ ಕೆಳಗಿಳಿಯಲು ಎಷ್ಟು ಹೊತ್ತು? "ನಾನ್ ಅಳ್ದಿದ್ದನ್ನ ನೀನ್ ಅಳೆಯೋಕ್ ಬಂದ್ಯಾ? ನೀನು ಹುಟ್ಟೋಕ್ ಮುಂಚೆ ಸ್ಕೇಲ್ ಹಿಡ್ದೋನು ನಾನು. ನಿನ್ ಲೆಕ್ಕ ನೀನ್ ನೋಡ್ಕೋ ಹೋಗು."

ಹುಡುಗಿಯ ಮುಖ ಕೆಂಪಾಯಿತು. "ಸಾರಿ ಸರ್" ಎಂದು ಟೇಪನ್ನು ಡ್ರಾಯರಿಗೆ ಹಾಕಿದಳು. ಕಂಪ್ಯೂಟರಿನಲ್ಲಿ ರೆಕ್ಕೆಯ ಉದ್ದ ಎಂದಿದ್ದ ಕಡೆ ಆರು ನೂರು ಎಂದು ಬರೆದಳು. ಸಂಜೆ ಸ್ವಾಮಿಗಳಿಗೆ ಜೀವ ತಡೆಯದೆ ಕ್ಯಾಂಟೀನಿನಿಂದ ಅವಳಿಗೆ ಕಾಫಿ ತಂದುಕೊಟ್ಟರು.

ಜನವರಿಯ ಒಂದು ಬೆಳಗ್ಗೆ, ಗಾಳಿ ಸದ್ದಿಲ್ಲದೆ ಇದ್ದಾಗ, ದಟ್ಟಗಳ್ಳಿಯಾಚೆ ಸೈಟುಗಳ ಕಲ್ಲು ನೆಟ್ಟು ಇನ್ನೂ ಮನೆ ಏಳದ ಬಯಲಿನಲ್ಲಿ ಅಕ್ಕ-ತಂಗಿ ಇಬ್ಬರೂ ಹಾರಿದರು. ಲ್ಯಾಬಿನ ಅಮರೇಶ್ ರಿಮೋಟಿನಲ್ಲಿ ಎರಡನ್ನೂ ಒಂದೊಂದಾಗಿ ಏರಿಸಿ ಕಂಪ್ಯೂಟರಿನ ಕೈಗೆ ಒಪ್ಪಿಸಿದ. ಬೇರೆಬೇರೆಯಾಗಿ ಹಾರುವಾಗ ತಂಗಿಯಲ್ಲಿ ಒಂದು ಕೊಂಕೂ ಕಾಣಲಿಲ್ಲ. ಹೇಗೆ ಕಾಣುತ್ತದೆ ಹೇಳಿ, ಎರಡೂ ರೆಕ್ಕೆಗೆ ಒಂದೇ ತಪ್ಪು! ತಂಗಿ ಬಳಿ ಸಾರಿದಳು. ಸೆಕೆಂಡಿಗೆ ನಾಲ್ಕು ಸೆಂಟಿಮೀಟರಿನಂತೆ, ನಾಚುತ್ತ ಬಂದ ಹಾಗೆ ಬಂದಳು. ತುದಿ ತುದಿಗೆ ತಾಕಿತು. ಅಯಸ್ಕಾಂತ ಟಕ್ಕೆಂದು ಹಿಡಿಯಿತು.

"ಹಿಡೀತು! ಹಿಡೀತು!" ಎಂದು ರಕ್ಷಿತಾ ಕುಣಿದಳು. ಅವಳ ಬಾಯಿಂದ ಆ ಮಾತು ಪೂರ್ತಿ ಬರುವ ಮೊದಲೇ ಎರಡೂ ಪುಸ್ತಕ ಮುಚ್ಚಿದಂತೆ ಮೇಲಕ್ಕೆ ಮಡಚಿಕೊಂಡು, ಗಿರಕಿ ಹೊಡೆದು, ಸೈಟುಕಲ್ಲುಗಳ ನಡುವೆ ಬಿದ್ದವು. ಕಂಪ್ಯೂಟರಿನ ದಾಖಲೆಯಲ್ಲಿ ಒಂದೇ ಒಂದು ವಿಚಿತ್ರ ಸಿಕ್ಕಿತು: ರೆಕ್ಕೆಗಳು ತಾಕಿದ್ದು ಲೆಕ್ಕ ಹೇಳಿದ್ದಕ್ಕಿಂತ ಸೊನ್ನೆ ಪಾಯಿಂಟ್ ಎರಡು ಸೆಕೆಂಡು ಮುಂಚೆ. ಅಷ್ಟು ಹೊತ್ತು ಕಂಪ್ಯೂಟರು ಇನ್ನೂ ಎರಡು ವಿಮಾನ ಎಂದೇ ತಿಳಿದುಕೊಂಡು ಒಂದನ್ನು ಆ ಕಡೆಗೂ ಇನ್ನೊಂದನ್ನು ಈ ಕಡೆಗೂ ಎಳೆದಿತ್ತು. ಆ ಎರಡು ದಶಾಂಶ ಎಲ್ಲಿಂದ ಬಂತೆಂದು ಹುಡುಗಿ ಹಗಲೆಲ್ಲ ತಲೆ ಕೆಡಿಸಿಕೊಂಡಳು.

ಮೂರನೆಯ ದಿನ ಸ್ವಾಮಿಗಳು ಮುರಿದ ಚೂರುಗಳನ್ನು ವಿಂಗಡಿಸುತ್ತಿದ್ದರು. ತಾಕಿದ ಕಡೆಯ ರೆಕ್ಕೆಗಳು ಪುಡಿಪುಡಿ. ಆಚೆಬದಿಯವು, ಅಂದರೆ ಅಕ್ಕನ ಬಲಗಡೆಯದು, ತಂಗಿಯ ಎಡಗಡೆಯದು, ನೆಟ್ಟಗಿದ್ದವು. ಎರಡನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ ಹಿಂದೆ ಸರಿದರು. ತಂಗಿಯ ರೆಕ್ಕೆ ಅಕ್ಕನದಕ್ಕಿಂತ ಅರ್ಧ ಬೆರಳಗಲ ಮೇಲಿತ್ತು.

ನೆಲ ಓರೆಯಿರಬೇಕೆಂದು ಜಾಗ ಬದಲಿಸಿ ನಿಲ್ಲಿಸಿದರು. ಹಾಗೇ ಇತ್ತು. ಮೊಳೆಯಿಂದ ಸ್ಕೇಲು ತೆಗೆದು, ಬಾಳಿನಲ್ಲಿ ಮೊದಲ ಸಲ, ತುದಿಯಲ್ಲಿ ಇನ್ನೂ ಅಳಿಯದೆ ಉಳಿದಿದ್ದ ಪೂಜೆಯ ವಿಭೂತಿಯನ್ನು ಹೆಬ್ಬೆರಳಿನಿಂದ ಉಜ್ಜಿ ಒರೆಸಿದರು. ಕೆಳಗಿನಿಂದ ಸಿದ್ದಮಲ್ಲಪ್ಪನವರ ಸ್ಕೇಲಿನ ಮುದ್ರೆ ಎದ್ದು ಬಂತು.

ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ರಕ್ಷಿತಾ ಗೋಡೆಯಾಚೆಯ ಕೋಣೆಯಲ್ಲೇ ಕೂತಿದ್ದಳು, ನಲವತ್ತು ಹೆಜ್ಜೆಯೂ ಇರಲಿಲ್ಲ. ಈ ಮನುಷ್ಯ ಏನು ಮಾಡಿದರು ಗೊತ್ತೇ? ಬಾಗಿಲು ಮುಂದೆ ಮಾಡಿ, ಗರಗಸದ ಮಿಷನ್ನು ಹಾಕಿ, ತಂಗಿಯ ಎಡ ರೆಕ್ಕೆಯನ್ನು ನಾಲ್ಕು ತುಂಡು ಮಾಡಿ ಗುಜರಿ ಚೀಲಕ್ಕೆ ತುರುಕಿದರು. ನನಗೂ ಅವರ ಮೇಲೆ ಮರುಕವಿದೆ, ಇಲ್ಲವೆಂದಲ್ಲ. ಆದರೆ ಹೆದರಿ ಬಾಯಿ ಮುಚ್ಚಿಕೊಂಡದ್ದು ಒಂದು, ಗರಗಸ ಹಿಡಿದದ್ದು ಇನ್ನೊಂದು. ಸಿದ್ದಲಿಂಗಸ್ವಾಮಿಯ ಕೈ ತಪ್ಪಿತು ಎಂಬ ಒಂದು ಮಾತನ್ನು ಜನರ ಬಾಯಲ್ಲಿ ಕೇಳುವುದಕ್ಕಿಂತ ಅವರಿಗೆ ಅದೇ ವಾಸಿ ಎನಿಸಿತು.

ಹನ್ನೆರಡನೆಯ ದಿನ ಬೆಂಗಳೂರಿನಿಂದ ಯೋಜನೆಗೆ ಹಣ ಕೊಟ್ಟವರ ಪರಿಶೀಲನಾ ಸಮಿತಿ ಬಂತು. ಉದ್ದನೆಯ ಮೇಜು, ಒಂದು ಕಡೆ ಐದು ಜನ ದೊಡ್ಡವರು, ಇನ್ನೊಂದು ಕಡೆ ರಕ್ಷಿತಾ. ರಚನೆಯ ವಿಷಯ ಕೇಳಿದರೆ ಇರಲಿ ಎಂದು ಕರಿಬಸವಯ್ಯನವರು ಸ್ವಾಮಿಗಳನ್ನೂ ಅವಳ ಪಕ್ಕ ಕೂರಿಸಿದ್ದರು. ಸಮಿತಿಯವರೊಬ್ಬರು ಕೇಳಿಯೂ ಕೇಳಿದರು: "ರೆಕ್ಕೆಯ ತಯಾರಿಕೆಯಲ್ಲೇ ಏನಾದರೂ ವ್ಯತ್ಯಾಸ?"

"ಸ್ವಾಮಿಗಳ ಕೆಲಸ ಸರ್. ಅದರಲ್ಲಿ ಎರಡು ಮಾತಿಲ್ಲ" ಎಂದರು ಕರಿಬಸವಯ್ಯ.

ಎಲ್ಲರೂ ಸ್ವಾಮಿಗಳ ಕಡೆ ನೋಡಿದರು. ಅಷ್ಟರಲ್ಲಿ ರಕ್ಷಿತಾಳೇ ಬಾಯಿಬಿಟ್ಟಳು: "ರೆಕ್ಕೆಯಲ್ಲಿ ತಪ್ಪಿಲ್ಲ ಸರ್. ನನ್ನ ಮಾಡೆಲ್‌ನಲ್ಲೇ ಏನೋ ಬಿಟ್ಟುಹೋಗಿದೆ. ಏನು ಅಂತ ನನಗೆ ಸಿಗ್ತಾ ಇಲ್ಲ." ಧ್ವನಿ ಒಡೆದು ಅಳು ಬಂತು. ಸ್ವಾಮಿಗಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕೈಗಿಟ್ಟು, "ಹೆದರ್ಬೇಡ ಕಣಮ್ಮ" ಎಂದು ಪಿಸುಗುಟ್ಟಿದರು.

ಸಮಿತಿ ಯೋಜನೆಯನ್ನು ನಿಲ್ಲಿಸಿತು. ಬರೆದ ಕಾರಣ: ಗಣಿತದ ಮಾದರಿ ನಂಬಿಕೆಗೆ ತಕ್ಕದ್ದಲ್ಲ. ಅದೇ ತಿಂಗಳು ರಕ್ಷಿತಾ ತನ್ನ ಪುಸ್ತಕಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು, ವರ್ಕ್‌ಶಾಪಿಗೆ ಬಂದು ಸ್ವಾಮಿಗಳ ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಅಲ್ಲಿಂದ ಮುಂದೆ ಸ್ವಾಮಿಗಳು ಅರ್ಧ ಆದರು. ಊಟ ಸೇರದು. ಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ ಹಿಡಿದು ಎಲ್ಲೋ ನೋಡುತ್ತಿದ್ದರು. ಯಾವ ಕೆಲಸ ಮಾಡಿದರೂ ಹುಡುಗರನ್ನು ಕರೆದು "ಒಂದ್ಸಲ ಅಳ್ದು ನೋಡ್ರಪ್ಪ" ಎನ್ನತೊಡಗಿದರು. ಅವರೋ, ಸ್ವಾಮಿಗಳು ಪರೀಕ್ಷೆ ಮಾಡುತ್ತಿದ್ದಾರೆಂದು ಹೆದರಿ, "ಅಯ್ಯೋ ಬೇಡಿ ಸರ್" ಎಂದು ಓಡಿಹೋಗುತ್ತಿದ್ದರು.

ಜುಲೈ ತಿಂಗಳಲ್ಲಿ ಅಮರೇಶ್ ಒಂದು ಸುದ್ದಿ ತಂದ. ರಕ್ಷಿತಾ ಓದು ಬಿಟ್ಟು ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುವ ಕೆಲಸಕ್ಕೆ ಸೇರಿದ್ದಾಳಂತೆ. "ಮತ್ತೆ ಓದೋಕ್ ಬಾರಮ್ಮ ಅಂದೆ ಸರ್. ನಂಗೆ ಲೆಕ್ಕದ ತಲೆಯೇ ಇಲ್ಲ ಅಮರೇಶಣ್ಣ, ಇದ್ದಿದ್ರೆ ಆ ತಪ್ಪು ಸಿಕ್ತಿತ್ತು ಅಂದ್ಲು."

ಆ ದಿನ ಮಧ್ಯಾಹ್ನವೇ ರಜೆ ಹಾಕಿ ಸ್ವಾಮಿಗಳು ಮನೆಗೆ ಬಂದರು. ಗಿರಿಜಾಂಬಾ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕೂತು, ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು, ಗರಗಸದ ವಿಷಯವನ್ನೂ. ಆಕೆಯ ಕೈ ಮೊರದ ಮೇಲೆ ನಿಂತುಹೋಯಿತು.

"ಏನ್ರೀ, ಆ ಮಗು ನಿಮ್ಮ ಕಾಲಿಗೆ ಬಿದ್ದು ಹೋಯ್ತು ಅಂದ್ರಿ. ಆಗ್ಲೂ ಹೇಳ್ಲಿಲ್ವಾ?"

"ಹೇಳ್ಲಿಲ್ಲ."

"ಥೂ, ನಿಮ್ಮ ಜಂಬಕ್ಕಿಷ್ಟು ಬೆಂಕಿ ಹಾಕ!" ಎಂದರು ಗಿರಿಜಾಂಬಾ. ಮೂವತ್ತು ವರ್ಷದಲ್ಲಿ ಗಂಡನಿಗೆ ಅಂಥ ಮಾತು ಆಡಿದವರಲ್ಲ. "ನಾಳೆ ಬೆಳಿಗ್ಗೆ ಹೋಗಿ ಹೇಳ್ಬುಟ್ಟು ಬನ್ನಿ. ಬಂದ್ಮೇಲೆ ನಿಮಗೆ ಊಟ."

ಮರುದಿನ ಚಾಮರಾಜಪುರಂ ಸ್ಟೇಷನ್ನಿನಲ್ಲಿ ಚಾಮರಾಜನಗರದ ರೈಲು ಹತ್ತಿ ಕಡಕೊಳದಲ್ಲಿ ಇಳಿದರು. ಅಲ್ಲಿಂದ ಆಟೋ. ಫ್ಯಾಕ್ಟರಿಯ ಗೇಟಿನ ಕಾವಲುಗಾರ ಒಳಗೆ ಫೋನು ಮಾಡಿ, ಟೀ ಹೊತ್ತಿನ ತನಕ ಕಾಯಿರಿ ಎಂದ. ಬೇಲಿಯ ಪಕ್ಕ ನಿಂತರು. ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಂತೆಲ್ಲ ಅವು ಚದುರಿಹೋಗುತ್ತಿದ್ದವು.

ಸೈರನ್ನು ಕೂಗಿದ ಮೇಲೆ ನೀಲಿ ಕೋಟು ತೊಟ್ಟ ರಕ್ಷಿತಾ ಹೊರಗೆ ಬಂದಳು. ಸೊರಗಿದ್ದಳು. ಅವರನ್ನು ಕಂಡು ಮುಖ ಅರಳಿತು. "ಸ್ವಾಮಿ ಸರ್! ನೀವಿಲ್ಲಿ? ಮನೇಲೆಲ್ಲ ಚೆನ್ನಾಗಿದ್ದಾರಾ? ಬನ್ನಿ, ಟೀ ಕುಡಿಯೋಣ."

"ಟೀ ಬ್ಯಾಡ ಕಣಮ್ಮ. ನಿನ್ ಲೆಕ್ಕ ಸರಿಯಾಗಿತ್ತು. ನಾನು ಅಚ್ಚಿನ ಸ್ಕೇಲಲ್ಲಿ ರೆಕ್ಕೆ ಅಳ್ದುಬುಟ್ಟಿದ್ದೆ. ತಂಗಿ ರೆಕ್ಕೆ ಉದ್ದ ಆಗಿತ್ತು."

ಬೈಯುತ್ತಾಳೆ ಎಂದುಕೊಂಡಿದ್ದರು ಸ್ವಾಮಿಗಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದರು. ಅವಳು ಕೇಳಿದ್ದು ಒಂದೇ: "ಎಷ್ಟು?"

"ಎಂಟು ಮಿಲಿಮೀಟ್ರು."

ಅವಳ ತುಟಿ ಅಲುಗಿತು. "ಎಂಟು… ಸೆಕೆಂಡಿಗೆ ನಲವತ್ತು ಮಿಲಿಮೀಟರು… ಎಂಟು ಭಾಗಿಸು ನಲವತ್ತು…" ಕಣ್ಣು ಅಗಲವಾದವು. "ಸೊನ್ನೆ ಪಾಯಿಂಟ್ ಎರಡು! ಸರ್, ಸೊನ್ನೆ ಪಾಯಿಂಟ್ ಎರಡು! ಸರಿಯಾಗಿ ಕೂರುತ್ತೆ!" ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನಂದೇನೂ ತಪ್ಪಿರ್ಲಿಲ್ಲ. ಆರು ತಿಂಗಳಿಂದ ನಾನು ದಡ್ಡಿ ಅಂದ್ಕೊಂಡಿದ್ನಲ್ಲ ಸರ್! ನಮ್ಮಪ್ಪಂಗೆ ಫೋನ್ ಮಾಡ್ಬೇಕು ಈಗ್ಲೇ." ಫೋನು ತೆಗೆದವಳು ತಡೆದಳು. "ಇರಿ, ಇರಿ. ತಂಗಿದು ಎಡಗಡೆ ರೆಕ್ಕೆ ಮುರಿದಿರ್ಲಿಲ್ಲ ಅಲ್ವಾ? ಅದನ್ನ ಸಮಿತಿಯವರ ಮುಂದೆ ಇಟ್ಟು ಅಳೆದು ತೋರಿಸಿದ್ರೆ ಸಾಕು, ಫೈಲು ಮತ್ತೆ ತೆಗೀಲೇಬೇಕು ಅವರು. ರೆಕ್ಕೆ ಎಲ್ಲಿದೆ ಸರ್?"

ಕಳೆದುಹೋಯಿತು ಎನ್ನಬಹುದಿತ್ತು. ಗುಜರಿಯವನು ಒಯ್ದ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಇಲ್ಲ ಕಣಮ್ಮ. ಕೊಯ್ದುಬುಟ್ಟೆ."

"ಯಾರು?"

"ನಾನೇ. ಯಾರಿಗೂ ಗೊತ್ತಾಗ್ಬಾರ್ದು ಅಂತ ಮಿಷನ್ನಿಗೆ ಕೊಟ್ಟು ಕೊಯ್ದುಬುಟ್ಟೆ."

ಅವಳು ಅವರ ಕೈಯನ್ನು ಇನ್ನೂ ಹಿಡಿದೇ ಇದ್ದಳು. ಅದು ನೆನಪಾದವಳಂತೆ ಮೆಲ್ಲಗೆ ಬಿಟ್ಟಳು. "ಯಾವಾಗ ಸರ್?"

"ಬಿದ್ದ ಮೂರನೇ ದಿನ."

ಒಳಗೆ ಎರಡನೆಯ ಸೈರನ್ನು ಕೂಗಿತು. ಟೀ ಕುಡಿದವರು ಲೋಟ ಇಟ್ಟು ಗೇಟಿನ ಕಡೆ ನಡೆದರು. ರಕ್ಷಿತಾ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, ಬಿಚ್ಚಿದ್ದ ಗುಂಡಿಯನ್ನು ಹಾಕಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವ ವಿದ್ಯಾರ್ಥಿಯ ಧ್ವನಿಯೇ ಇತ್ತು.

"ಅಂದ್ರೆ ಅವತ್ತು ಸಮಿತಿ ಮುಂದೆ ನನಗೆ ನೀರು ಕೊಟ್ರಲ್ಲ ಸರ್, ಆಗ ನಿಮಗೆ ಗೊತ್ತಿತ್ತಾ?"

ಸ್ವಾಮಿಗಳು ಹೌದೆಂದು ತಲೆಯಾಡಿಸಿದರು. ಅವಳು ಒಳಗೆ ಹೋದಳು.